ಪುಸ್ತಕದ ಗಂಟು ಹೊತ್ತು ನಡೆದ ಮಾಸ್ತರರು

ಮೊದಲೇ ಒಂದು ತಪ್ಪೊಪ್ಪಿಗೆ. ಕನ್ನಡ ಸಂಘದವರು ಅಂತ ಹೇಳ್ಕೊಂಡು ಕ್ಯಾಂಪಸ್ ತುಂಬಾ ಓಡಾಡೋ ನಾವು ಮೂವರು, ಕಾಲೇಜು ಸೇರಿದ ಮೇಲೆ ಒಂದೇ ಒಂದು ಪುಸ್ತಕವನ್ನೂ ಪೂರ್ತಿ ಓದಿರಲಿಲ್ಲ. ಹೈಸ್ಕೂಲಲ್ಲಿ ವಾರಕ್ಕೊಂದು ಇಂಗ್ಲಿಷ್ ಕಾದಂಬರಿ ಮುಗಿಸ್ತಿದ್ದವರು ನಾವು. ಪಿಯುಸಿ ಬಂತು, ಸಿಇಟಿ ಬಂತು, ಪುಸ್ತಕ ಅಂದರೆ ನಾಲ್ಕು ಆಯ್ಕೆಯ ಪ್ರಶ್ನೆಗಳು ಅಂತಾಗಿಹೋಯ್ತು. ಆಮೇಲೆ ಯಾವ ಪುಸ್ತಕ ಹಿಡಿದರೂ ಹತ್ತನೇ ಪುಟಕ್ಕೆ ಕೈ ತಾನಾಗೇ ಫೋನಿನ ಕಡೆ ಹೋಗ್ತಿತ್ತು. ಇನ್ನು ಕನ್ನಡ ಪುಸ್ತಕದ ಕಥೆ ಕೇಳಲೇಬೇಡಿ. ಇಂಗ್ಲಿಷ್ ಮೀಡಿಯಮ್ಮಿನವರಾದ ನಮಗೆ ಒತ್ತಕ್ಷರ ಬಂದ ಕಡೆಯೆಲ್ಲಾ ಸ್ಪೀಡ್ ಬ್ರೇಕರ್.

ಇದು ಬದಲಾಗಿದ್ದು ಗೊಬ್ಬೂರಿನಲ್ಲಿ. ಕಲಬುರಗಿ ಜಿಲ್ಲೆ ಅಫಜಲಪುರ ತಾಲೂಕಿನ ಗೊಬ್ಬೂರ ನಮ್ಮ ಮೂವರಲ್ಲಿ ಒಬ್ಬರ ಊರು. ಸೆಮಿಸ್ಟರ್ ರಜೆಗೆ ಮೂವರೂ ಹೋಗಿದ್ವಿ. ತೊಗರಿ ರಾಶಿ ನಡೆಯೋ ಕಾಲ. ಮನೆಯವರೆಲ್ಲಾ ಹೊಲದಲ್ಲಿ, ಕರೆಂಟು ಹೋಗಿ ಫೋನುಗಳು ಸತ್ತಿದ್ದವು. ಮನೆಯ ಟ್ರಂಕಿನಲ್ಲಿ ಒಂದು ಹಳೇ ಕಾದಂಬರಿ ಸಿಕ್ತು. ರಟ್ಟು ಇಲ್ಲ, ಮೊದಲ ಹಾಳೆಗಳೂ ಇಲ್ಲ. ಯಾರು ಬರೆದದ್ದು, ಹೆಸರೇನು, ಒಂದೂ ಗೊತ್ತಿಲ್ಲ. ಬೇರೆ ಕೆಲಸ ಇಲ್ಲದ್ದಕ್ಕೆ ಸರದಿ ಮೇಲೆ ಗಟ್ಟಿಯಾಗಿ ಓದೋಕೆ ಶುರು ಮಾಡಿದ್ವಿ. ಮೂಲೆಯಲ್ಲಿ ಅಕ್ಕಿ ಆರಿಸ್ತಾ ಕೂತಿದ್ದ ಆಯಿ ನಮ್ಮ ಉಚ್ಚಾರ ತಿದ್ದತೊಡಗಿದರು. ಆಮೇಲೆ ಅಕ್ಕಿ ಆರಿಸೋದನ್ನೂ ಬಿಟ್ಟರು. ಮರುದಿನ ಮಧ್ಯಾಹ್ನ ಊಟ ಆಗಿದ್ದೇ ತಡ, ಮುಂದೇನಾಯ್ತು ಅಂತ ಅವರೇ ಕೇಳ್ಕೊಂಡು ಬಂದು ಕೂತರು.

ವಾಪಸ್ ಬಂದು ಲೈಬ್ರರಿಯಲ್ಲಿ ಹುಡುಕಿದಾಗ ತಿಳೀತು. ಆ ಪುಸ್ತಕ ಕನ್ನಡಿಗರ ಕರ್ಮಕಥೆ. ಬರೆದವರು ಗಳಗನಾಥರು. ಈ ಹೆಸರನ್ನ ನಾವು ಸ್ಪರ್ಧಾತ್ಮಕ ಪರೀಕ್ಷೆಗಳ ಒಂದು ಅಂಕದ ಪ್ರಶ್ನೆಯಲ್ಲಿ ಮಾತ್ರ ನೋಡಿದ್ವಿ: ಕನ್ನಡ ಕಾದಂಬರಿಯ ಪಿತಾಮಹ ಯಾರು ಅಂತ. ಆ ಒಂದು ಅಂಕದ ಹಿಂದೆ ಇದ್ದ ಬದುಕನ್ನ ಇಲ್ಲಿ ಹೇಳ್ತೀವಿ.

ಅವರ ನಿಜವಾದ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಹುಟ್ಟಿದ್ದು 1869ರ ಜನವರಿ 5ರಂದು, ಈಗಿನ ಹಾವೇರಿ ಜಿಲ್ಲೆಯ ಗಳಗನಾಥ ಎಂಬ ಹಳ್ಳಿಯಲ್ಲಿ. ವರದಾ ನದಿ ಬಂದು ತುಂಗಭದ್ರೆಯನ್ನು ಸೇರುವ ಜಾಗ ಅದು. ನದಿ ದಂಡೆಯಲ್ಲಿ ಚಾಲುಕ್ಯರ ಕಾಲದ ಗಳಗೇಶ್ವರ ದೇವಸ್ಥಾನ ಇದೆ. ಬರೆಯೋಕೆ ಶುರು ಮಾಡಿದಾಗ ಅವರು ತಮ್ಮ ಹೆಸರು ಬದಿಗಿಟ್ಟು ಊರಿನ ಹೆಸರನ್ನೇ ಹಾಕ್ಕೊಂಡರು. ಕಲಿತು ಕನ್ನಡ ಶಾಲೆಯ ಮಾಸ್ತರರಾದರು. ತಿಂಗಳ ಪಗಾರ, ಊರಲ್ಲಿ ಮರ್ಯಾದೆ, ನಿಶ್ಚಿಂತೆಯ ಬದುಕು.

ಆಗಿನ ಪರಿಸ್ಥಿತಿ ಸ್ವಲ್ಪ ಕೇಳಿ. ಧಾರವಾಡದ ಸೀಮೆ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಕಚೇರಿ, ಶಾಲೆ, ಓದಿದವರ ಮಾತು, ಎಲ್ಲದರಲ್ಲೂ ಮರಾಠಿಯ ಪ್ರಭಾವ. ಮನೆಯಲ್ಲಿ ಕನ್ನಡ ಮಾತಾಡೋರೂ ಓದೋಕೆ ಬರೆಯೋಕೆ ಮರಾಠಿ ಹಿಡೀತಿದ್ದರು. ಡೆಪ್ಯೂಟಿ ಚನ್ನಬಸಪ್ಪನವರಂಥವರು ಕಷ್ಟಪಟ್ಟು ಕನ್ನಡ ಶಾಲೆಗಳನ್ನ ಬೆಳೆಸಿದ್ದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತ್ತು. ಆದರೆ ಶಾಲೆಯಲ್ಲಿ ಕನ್ನಡ ಕಲಿತ ಹುಡುಗ ಮನೆಗೆ ಬಂದು ಖುಷಿಗೆ ಅಂತ ಏನು ಓದಬೇಕು? ಕಾವ್ಯ, ಪುರಾಣಗಳಿದ್ದವು. ಅವನ್ನ ಒಬ್ಬರು ರಾಗವಾಗಿ ಓದೋದು, ಇನ್ನೊಬ್ಬರು ಅರ್ಥ ಹೇಳೋದು, ಊರವರು ಕೂತು ಕೇಳೋದು. ಒಬ್ಬನೇ ಕೈಯಲ್ಲಿ ಹಿಡಿದು, ರಾತ್ರಿ ಬುಡ್ಡಿ ದೀಪದ ಬೆಳಕಲ್ಲಿ ಮುಂದೇನಾಯ್ತು ಅಂತ ಓದ್ಕೊಂಡು ಹೋಗುವಂಥ ಗದ್ಯದ ಕಥೆಗಳು ಕನ್ನಡದಲ್ಲಿ ಬೆರಳೆಣಿಕೆಯಷ್ಟು. ಮೈಸೂರಿನ ಕಡೆ ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನ ಕನ್ನಡಕ್ಕೆ ತರ್ತಿದ್ದರು. ಉತ್ತರದ ಕಡೆ ಅಂಥವರು ಇನ್ನೂ ಬರಬೇಕಿತ್ತು.

ನಮಗೆ ಇಲ್ಲಿ ನಮ್ಮದೇ ಮುಖ ಕಾಣಿಸ್ತು. ಅವರಿಗೆ ಮರಾಠಿ, ನಮಗೆ ಇಂಗ್ಲಿಷ್. ಕಲಬುರಗಿ ಕಡೆಯ ನಮ್ಮ ಮುತ್ತಜ್ಜಂದಿರ ಕಾಲಕ್ಕೆ ಹೋದರೆ ಅಲ್ಲಿ ಉರ್ದು. 1948ರವರೆಗೆ ನಮ್ಮ ಸೀಮೆ ನಿಜಾಮರ ಹೈದರಾಬಾದಿಗೆ ಸೇರಿತ್ತು, ಸರ್ಕಾರದ ಕಾಗದವೆಲ್ಲಾ ಉರ್ದುವಿನಲ್ಲಿ. ಆ ಭಾಷೆಗಳ ಮೇಲೆ ನಮಗೆ ಸಿಟ್ಟೇನಿಲ್ಲ, ಒಂದೊಂದೂ ಒಳ್ಳೆ ಸಾಹಿತ್ಯ ಇರೋ ಭಾಷೆಗಳೇ. ಹೇಳೋದಿಷ್ಟೇ, ಮಾತಾಡೋ ಭಾಷೆಯಲ್ಲಿ ಓದುವ ರೂಢಿ ತಪ್ಪಿಹೋಗೋದು ನಮ್ಮ ಫೋನುಗಳಿಂದ ಶುರುವಾದದ್ದಲ್ಲ.

ಗಳಗನಾಥರ ಮೊದಲ ಕಾದಂಬರಿ ಪ್ರಬುದ್ಧ ಪದ್ಮನಯನೆ ಬಂದದ್ದು 1898ರಲ್ಲಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಹೆಸರಾದ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಬಂದದ್ದು ಅದರ ಮರುವರ್ಷ, ಅಂದರೆ 1899ರಲ್ಲಿ. ಇದರ ಮೇಲಿಂದ ಅವರು ಎಷ್ಟು ಮುಂಚಿನವರು ಅಂತ ಲೆಕ್ಕ ಹಾಕ್ಕೊಳ್ಳಿ. ಮುಂದೆ ಅವರು ಮಾಸ್ತರಿಕೆ ಬಿಟ್ಟು ಬರವಣಿಗೆಯನ್ನೇ ನಂಬಿಕೊಂಡರು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಕ್ಯಾಂಪಸ್ ಪ್ಲೇಸ್‌ಮೆಂಟಿನ ಭಯದಲ್ಲೇ ಬದುಕುತ್ತಿರೋ ನಮಗೆ ಈ ನಿರ್ಧಾರ ಎಷ್ಟು ದೊಡ್ಡದು ಅಂತ ಅರ್ಥ ಆಗುತ್ತೆ. 1901ರ ಜನಗಣತಿ ಪ್ರಕಾರ ಭಾರತದಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಸುಮಾರು 5 ಜನ. ಆ ಐವರಲ್ಲಿ ಕನ್ನಡ ಓದೋರು ಎಷ್ಟು, ಕನ್ನಡ ಓದೋರಲ್ಲಿ ಕಥೆಗೆ ದುಡ್ಡು ಕೊಡೋರು ಎಷ್ಟು? ಯಾವ ಸ್ಟಾರ್ಟಪ್ ಸಲಹೆಗಾರನೂ ಈ ಮಾರುಕಟ್ಟೆಗೆ ಇಳೀರಿ ಅಂತ ಹೇಳ್ತಿರಲಿಲ್ಲ. ಗಳಗನಾಥರು ಇಳಿದರು. ಓದುಗರು ಇಲ್ಲ ಅಂತಾದರೆ ಓದುಗರನ್ನೇ ಮೊದಲು ಹುಟ್ಟಿಸಬೇಕು ಅನ್ನೋ ಹಾಗೆ ಕೆಲಸ ಮಾಡಿದರು.

ಮೊದಲನೆಯದು, ಕಂತಿನ ಉಪಾಯ. ಹಾವೇರಿ ಹತ್ತಿರದ ಅಗಡಿಯಲ್ಲಿ ಶೇಷಾಚಲ ಸಾಧುಗಳ ಆನಂದವನ ಎಂಬ ಆಶ್ರಮ ಇದೆ. ಅಲ್ಲಿಂದ 1907ರಲ್ಲಿ ಸದ್ಬೋಧ ಚಂದ್ರಿಕೆ ಎಂಬ ಮಾಸಪತ್ರಿಕೆ ಶುರುವಾಯ್ತು. ಅದರ ಬರವಣಿಗೆಯ ಭಾರ ಹೊತ್ತವರು ಗಳಗನಾಥರು. ಅದರಲ್ಲಿ ಕಾದಂಬರಿ ಕಂತು ಕಂತಾಗಿ ಬರ್ತಿತ್ತು. ಒಂದು ತಿಂಗಳು ಕಾಯಬೇಕು, ಆಮೇಲೆ ಮುಂದಿನ ಭಾಗ. ವೆಬ್ ಸೀರೀಸಿನ ಮುಂದಿನ ಎಪಿಸೋಡಿಗೆ ನಾವು ಕಾಯ್ತೀವಲ್ಲ, ಅದೇ ಲೆಕ್ಕ. ದಪ್ಪ ಪುಸ್ತಕ ನೋಡಿ ಹೆದರೋನೂ ನಾಲ್ಕು ಹಾಳೆಗೆ ಹೆದರೋದಿಲ್ಲ.

ಎರಡನೆಯದು, ಕಥೆಯ ಆಯ್ಕೆ. ಮರಾಠಿಯಲ್ಲಿ ಹರಿ ನಾರಾಯಣ ಆಪಟೆ ಅವರ ಐತಿಹಾಸಿಕ ಕಾದಂಬರಿಗಳಿಗೆ ಭಾರಿ ಬೇಡಿಕೆ ಇತ್ತು. ಮರಾಠಿ ಯಾಕೆ ಓದ್ತೀರಿ ಅಂತ ಜನರನ್ನ ಬೈಯೋ ಬದಲು ಗಳಗನಾಥರು ಆ ಕಥೆಗಳನ್ನೇ ಕನ್ನಡಕ್ಕೆ ತಂದರು. ನಾವು ಗೊಬ್ಬೂರಿನಲ್ಲಿ ಓದಿದ ಕನ್ನಡಿಗರ ಕರ್ಮಕಥೆಯೂ ಆಪಟೆಯವರ ವಜ್ರಾಘಾತದ ಮೇಲಿಂದ ಬಂದದ್ದು. 1565ರಲ್ಲಿ ರಕ್ಕಸತಂಗಡಿಯ ಯುದ್ಧದಲ್ಲಿ ವಿಜಯನಗರ ಸೋತು ಹಾಳಾದ ಕಥೆ. ಮುಂದೆ 1923ರಲ್ಲಿ ಬಂದ ಮಾಧವ ಕರುಣಾ ವಿಲಾಸ ಅವರದೇ ಸ್ವತಂತ್ರ ಕೃತಿ. ಅದು ವಿದ್ಯಾರಣ್ಯರ ಮತ್ತು ವಿಜಯನಗರ ಕಟ್ಟಿದ ಕಾಲದ ಕಥೆ. ಒಂದರಲ್ಲಿ ರಾಜ್ಯ ಬೀಳುತ್ತೆ, ಇನ್ನೊಂದರಲ್ಲಿ ಏಳುತ್ತೆ. ತಮ್ಮ ನಾಡಿಗೂ ಒಂದು ದೊಡ್ಡ ಕಥೆ ಇದೆ ಅಂತ ಎಷ್ಟೋ ಕನ್ನಡಿಗರಿಗೆ ಗೊತ್ತಾದದ್ದು ಪಾಠದ ಪುಸ್ತಕದಿಂದಲ್ಲ, ಇಂಥ ಕಾದಂಬರಿಗಳಿಂದ. ಹೀಗೆ ಅವರು ಬರೆದ ಕಾದಂಬರಿಗಳು ಇಪ್ಪತ್ತಕ್ಕೂ ಹೆಚ್ಚು.

ಮೂರನೆಯದು ನಮ್ಮನ್ನ ನಿಜವಾಗಿಯೂ ಅಲುಗಾಡಿಸಿದ್ದು. ಪುಸ್ತಕ ಬರೆದಾಯ್ತು, ಅಚ್ಚೂ ಆಯ್ತು. ಆದರೆ ಹಳ್ಳಿಗಳಲ್ಲಿ ಪುಸ್ತಕದ ಅಂಗಡಿ ಎಲ್ಲಿ? ಗಳಗನಾಥರು ಪುಸ್ತಕಗಳನ್ನ ಗಂಟು ಕಟ್ಟಿ, ತಾವೇ ಹೊತ್ಕೊಂಡು ಊರೂರು ತಿರುಗಿದರು, ಮನೆ ಮನೆಗೆ ಹೋಗಿ ಮಾರಿದರು. ಹೆಸರಾಂತ ಲೇಖಕ, ನಿನ್ನೆಯ ಮಾಸ್ತರ, ತರಕಾರಿಯವರ ಹಾಗೆ ಬಾಗಿಲಲ್ಲಿ ನಿಂತು ತನ್ನದೇ ಪುಸ್ತಕ ಕೊಳ್ಳಿ ಅನ್ನೋದು ಸುಲಭದ ಮಾತಲ್ಲ. ನಮ್ಮ ಟೆಕ್ ಫೆಸ್ಟಿನ ಟಿಕೆಟ್ ಮಾರೋಕೆ ಪಕ್ಕದ ಬ್ರಾಂಚಿನ ಕ್ಲಾಸಿಗೆ ಹೋಗೋದಕ್ಕೇ ನಮಗೆ ನಾಚಿಕೆ.

ಇದರಿಂದ ಅವರು ಶ್ರೀಮಂತರಾಗಲಿಲ್ಲ. ಪುಸ್ತಕ ಮಾರಿ ಬಂದದ್ದು ಮುಂದಿನ ಪುಸ್ತಕದ ಕಾಗದಕ್ಕೆ, ಅಚ್ಚಿಗೆ ಬೇಕು ಅನ್ನೋ ಬದುಕು ಅದು. ಅಗಡಿಯ ಪತ್ರಿಕೆಯಿಂದ ಹೊರಬಂದ ಮೇಲೂ ಅವರು ಸುಮ್ಮನೆ ಕೂರಲಿಲ್ಲ, ಹಾವೇರಿಯಲ್ಲಿ ಸದ್ಗುರು ಎಂಬ ಇನ್ನೊಂದು ಪತ್ರಿಕೆ ನಡೆಸಿದರು. 1942ರ ಏಪ್ರಿಲ್ 22ರಂದು ತೀರಿಕೊಂಡರು. ಅವರು ಬಿಟ್ಟು ಹೋದ ಆಸ್ತಿ ಅಂದರೆ ಓದುವ ರುಚಿ ಹತ್ತಿದ ಒಂದು ತಲೆಮಾರು. ಮುಂದೆ ಕನ್ನಡದಲ್ಲಿ ಬಂದ ಕಾದಂಬರಿಕಾರರಿಗೆಲ್ಲಾ ಓದುಗರು ಸಿದ್ಧವಾಗಿ ಸಿಕ್ಕರು ಅಂದರೆ ಆ ದಾರಿ ತುಳಿದವರಲ್ಲಿ ಇವರೂ ಒಬ್ಬರು.

ಗಳಗನಾಥರು ಬರೆದದ್ದೆಲ್ಲಾ ನಮಗೆ ಹಿಡಿಸ್ತು ಅಂತ ಸುಳ್ಳು ಹೇಳೋದಿಲ್ಲ. ನಡುನಡುವೆ ಕಥೆ ನಿಲ್ಲಿಸಿ ನೀತಿ ಹೇಳ್ತಾರೆ. ಪತಿವ್ರತೆಯ ಧರ್ಮದ ಬಗ್ಗೆ ಅವರು ಬರೆದದ್ದನ್ನ ನಮ್ಮ ಕ್ಲಾಸಿನ ಹುಡುಗಿಯರಿಗೆ ಓದಿ ಹೇಳಿದರೆ ಜಗಳ ಗ್ಯಾರಂಟಿ. ಸಂಸ್ಕೃತದ ಉದ್ದುದ್ದ ಪದಗಳು ಬೇರೆ. ಇನ್ನೊಂದು ಮಾತು. ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ಕಲಬುರಗಿಯ ಕೋಟೆಯನ್ನ ಚಿಕ್ಕಂದಿನಿಂದ ನೋಡಿ ಬೆಳೆದವರಿಗೆ ವಿಜಯನಗರದ ಕಥೆಯಲ್ಲಿ ಆಚೆ ಕಡೆಯವರೂ ನಮ್ಮವರೇ ಅಂತ ಅನ್ನಿಸುತ್ತೆ. ಕಾದಂಬರಿ ಅಷ್ಟು ದೂರ ಯೋಚನೆ ಮಾಡೋದಿಲ್ಲ. ಅದು ಆ ಕಾಲದ ಪುಸ್ತಕ. ಆದರೆ ಓದ್ತಾ ಓದ್ತಾ ಪುಸ್ತಕದ ಜೊತೆ ಹೀಗೆ ವಾದ ಮಾಡೋದೂ ಒಂದು ಖುಷಿ, ಅದನ್ನ ನಾವು ಎಷ್ಟೋ ವರ್ಷಗಳಿಂದ ಮರೆತಿದ್ವಿ.

ನಮ್ಮ ಓದು ಯಾಕೆ ನಿಂತಿತ್ತು ಅಂತ ಈಗ ಸ್ವಲ್ಪ ಅರ್ಥ ಆಗಿದೆ. ನಾವು ಸೋಮಾರಿಗಳು, ನಮ್ಮ ಏಕಾಗ್ರತೆ ಹಾಳಾಗಿದೆ ಅಂತ ನಮ್ಮನ್ನ ನಾವೇ ಬೈಕೊಳ್ತಿದ್ವಿ. ವರ್ಷಕ್ಕೆ ಐವತ್ತು ಪುಸ್ತಕ ಅಂತ ಗುರಿ ಹಾಕ್ಕೊಂಡು ಮೂರನೇ ದಿನಕ್ಕೆ ಬಿಡ್ತಿದ್ವಿ. ಗಳಗನಾಥರು ಓದದವರನ್ನ ಸೋಮಾರಿಗಳು ಅಂತ ತಳ್ಳಿಬಿಟ್ಟಿದ್ದರೆ ಗಂಟು ಹೊತ್ತು ತಿರುಗ್ತಿರಲಿಲ್ಲ. ಅವರು ಒಳ್ಳೆ ಕಥೆ ಹುಡುಕಿದರು, ಅದನ್ನ ಸಣ್ಣ ಸಣ್ಣ ಭಾಗ ಮಾಡಿದರು, ಬಾಗಿಲವರೆಗೆ ತಂದುಕೊಟ್ಟರು. ಗೊಬ್ಬೂರಿನಲ್ಲಿ ನಮಗೆ ಆದದ್ದೂ ಅದೇ. ಗುರಿ ಇರಲಿಲ್ಲ, ಪುಟದ ಲೆಕ್ಕ ಇರಲಿಲ್ಲ. ಕೈಗೆ ಸಿಕ್ಕ ಒಂದು ಕಥೆ ಇತ್ತು, ಮುಂದೇನಾಯ್ತು ಅಂತ ಕೇಳೋ ಆಯಿ ಇದ್ದರು. ನಮ್ಮ ಕನ್ನಡ ನಿಧಾನ ಅನ್ನೋದೇ ಅಲ್ಲಿ ಅನುಕೂಲ ಆಯ್ತು. ಗಟ್ಟಿಯಾಗಿ ಓದೋನು ನಿಧಾನವಾಗಿಯೇ ಓದಬೇಕು, ಮತ್ತು ಗಟ್ಟಿಯಾಗಿ ಓದೋವಾಗ ಫೋನ್ ನೋಡೋಕಾಗೋದಿಲ್ಲ.

ಈಗ ಹಾಸ್ಟೆಲಿನಲ್ಲಿ ಪ್ರತಿ ಗುರುವಾರ ರಾತ್ರಿ ಊಟದ ಮೇಲೆ ಒಂದು ಅಧ್ಯಾಯ ಓದ್ತೀವಿ. ಮೂವರಿದ್ದವರು ಏಳು ಜನ ಆಗಿದ್ದೀವಿ. ಇಂಟರ್ನಲ್ಸ್ ಇದ್ದರೆ ರಜೆ. ಗಳಗನಾಥರು ತೀರಿಕೊಂಡು 60 ವರ್ಷ ದಾಟಿರೋದರಿಂದ ಅವರ ಪುಸ್ತಕಗಳ ಮೇಲೆ ಈಗ ಹಕ್ಕುಸ್ವಾಮ್ಯ ಇಲ್ಲ. ಹಳೇ ಪ್ರತಿಗಳ ಸ್ಕ್ಯಾನ್ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತೆ. ಅಂದರೆ ಆ ಗಂಟು ಈಗ ನಮ್ಮ ಜೇಬಿನಲ್ಲೇ ಇದೆ, ಬಿಚ್ಚೋ ಕೆಲಸ ಮಾತ್ರ ಬಾಕಿ. ಕನ್ನಡ ಓದು ಬರೋದು ಕಷ್ಟ ಅನ್ನೋರೂ ಬನ್ನಿ, ಸುಮ್ಮನೆ ಕೇಳೋಕೂ ಜನ ಬೇಕು.

ಗೊಬ್ಬೂರಿನ ಪುಸ್ತಕದಲ್ಲಿ ಹರಿದುಹೋಗಿದ್ದ ಮೊದಲ ಹಾಳೆಗಳು ಲೈಬ್ರರಿಯ ಪ್ರತಿಯಲ್ಲಿ ಸಿಕ್ಕವು. ಕಥೆ ಹೇಗೆ ಮುಗೀತು ಅಂತ ಗೊತ್ತಾದ ಮೇಲೆ ಅದು ಹೇಗೆ ಶುರುವಾಯ್ತು ಅಂತ ಓದಿದ್ವಿ. ಫೋನ್ ಸ್ಪೀಕರಿಗೆ ಹಾಕಿ ಆಯಿಗೂ ಓದಿ ಹೇಳಿದ್ವಿ. ಪೂರ್ತಿ ಕೇಳಿದರು. ಆಮೇಲೆ, ಅವರ ಬೇರೆ ಪುಸ್ತಕ ಯಾವುದಾದರೂ ಇದ್ದರೆ ಮುಂದಿನ ರಜೆಗೆ ಬರೋವಾಗ ತಗೊಂಡು ಬರ್ರಿ ಅಂತ ಹೇಳಿ ಫೋನಿಟ್ಟರು.