ರೋಗಶಾಸ್ತ್ರದ ಪಿತಾಮಹ ರೂಡಾಲ್ಫ್ ಫಿರ್ಕೋ

ರಾಜರ, ಸೇನಾನಿಗಳ, ಕವಿಗಳ ಚರಿತ್ರೆಗಳನ್ನು ನಾವು ಮತ್ತೆ ಮತ್ತೆ ಓದುತ್ತೇವೆ. ಸೂಕ್ಷ್ಮದರ್ಶಕದ ಮುಂದೆ ಬಾಳಿನ ಬಹುಭಾಗವನ್ನು ಕಳೆದ ಒಬ್ಬ ವೈದ್ಯನ ಚರಿತ್ರೆಯನ್ನು ಹೇಳಹೊರಟಿರುವ ನಾನು ಇತಿಹಾಸದ ವಿದ್ಯಾರ್ಥಿ. ವೈದ್ಯಕೀಯ ನನ್ನ ವಿಷಯವಲ್ಲ. ಆದರೂ ಈ ಮಹನೀಯನ ಜೀವನ ನನ್ನನ್ನು ಸೆಳೆದುದಕ್ಕೆ ಕಾರಣವಿದೆ. ಅದನ್ನು ಮುಂದೆ ಅರಿಕೆ ಮಾಡುತ್ತೇನೆ.

ರೂಡಾಲ್ಫ್ ಫಿರ್ಕೋ ಹುಟ್ಟಿದುದು 1821ರ ಅಕ್ಟೋಬರ್ 13ರಂದು, ಪ್ರಷ್ಯದ ಪೊಮೆರೇನಿಯ ಪ್ರಾಂತದ ಷೀಫೆಲ್‌ಬೈನ್ ಎಂಬ ಸಣ್ಣ ಊರಿನಲ್ಲಿ. 1843ರಲ್ಲಿ ಬರ್ಲಿನ್ನಿನಲ್ಲಿ ವೈದ್ಯಪದವಿಯನ್ನು ಪಡೆದನು. 1848ರಲ್ಲಿ ಅಪ್ಪರ್ ಸೈಲೀಷಿಯದಲ್ಲಿ ಟೈಫಸ್ ಜ್ವರ ಹಬ್ಬಿ ಜನ ಸಾಯುತ್ತಿದ್ದಾಗ ಸರಕಾರ ಅವನನ್ನು ವಿಚಾರಣೆಗೆ ಕಳುಹಿಸಿತು. ಔಷಧಗಳ ಪಟ್ಟಿಯೊಂದನ್ನು ಬರೆದುಕೊಟ್ಟಿದ್ದರೆ ಸರಕಾರಕ್ಕೆ ಸಂತೋಷವಾಗುತ್ತಿತ್ತು. ಅವನಾದರೋ ಬಡತನ, ಅಜ್ಞಾನ, ದುರಾಡಳಿತಗಳೇ ರೋಗದ ಬೇರುಗಳೆಂದು ವರದಿ ಬರೆದನು. ಅದೇ ವರ್ಷದ ಮಾರ್ಚಿಯಲ್ಲಿ ಬರ್ಲಿನ್ನಿನ ಕ್ರಾಂತಿಕಾರರೊಡನೆ ನಿಂತನು. ಫಲವಾಗಿ ರಾಜಧಾನಿಯನ್ನು ಬಿಟ್ಟು 1849ರಲ್ಲಿ ವ್ಯೂರ್ಟ್ಸ್‌ಬುರ್ಗಿಗೆ ಹೋಗಬೇಕಾಯಿತು. 1856ರಲ್ಲಿ ಬರ್ಲಿನ್ ಅವನನ್ನು ಮತ್ತೆ ಕರೆಸಿಕೊಂಡಿತು.

1858ರಲ್ಲಿ ಪ್ರಕಟವಾದ ಅವನ ಉಪನ್ಯಾಸಗಳು ವೈದ್ಯಶಾಸ್ತ್ರದ ದಿಕ್ಕನ್ನೇ ಬದಲಿಸಿದುವು. ರೋಗವೆಂಬುದು ದೇಹದ ರಸಗಳ ಏರುಪೇರು ಎಂಬ ಹಳೆಯ ನಂಬಿಕೆಯನ್ನು ತಳ್ಳಿಹಾಕಿ, ರೋಗದ ನೆಲೆ ಜೀವಕೋಶವೆಂದೂ, ಪ್ರತಿಯೊಂದು ಕೋಶವೂ ಇನ್ನೊಂದು ಕೋಶದಿಂದಲೇ ಹುಟ್ಟುವುದೆಂದೂ ಅವನು ಸಾರಿದನು. 1863ರ ಸುಮಾರಿನಲ್ಲಿ ಗೆಡ್ಡೆಗಳನ್ನು ಪರೀಕ್ಷಿಸುವಾಗ ಅವುಗಳೊಳಗೆ ರಕ್ತದ ಬಿಳಿಯ ಕಣಗಳು ಸೇರಿಕೊಂಡಿರುವುದನ್ನು ಕಂಡನು. ಕೆರಳಿಕೆ, ಉರಿಯೂತಗಳು ಬಹುಕಾಲ ಆರದೆ ನಿಂತ ತಾಣದಲ್ಲಿ ಕ್ಯಾನ್ಸರ್ ಮೊಳೆಯಬಹುದೆಂದು ಊಹಿಸಿದನು. ಕ್ಯಾನ್ಸರು ದೇಹದ ಸಂಯೋಜಕ ಅಂಗಾಂಶದಿಂದ ಹುಟ್ಟುವುದೆಂಬ ಅವನ ಇನ್ನೊಂದು ಮತ ನಿಲ್ಲಲಿಲ್ಲ. ಟಿಯೆರ್ಷ್ ಮತ್ತು ವಾಲ್ಡೈಯರ್ ಎಂಬ ವಿದ್ವಾಂಸರು ಮುಂದೆ ಕೆಲವೇ ವರ್ಷಗಳಲ್ಲಿ ಅದನ್ನು ಖಂಡಿಸಿದರು. ಆದರೆ ಉರಿಯೂತದ ಮಾತು ಉಳಿಯಿತು.

ಈಗ ನನ್ನ ಕಾರಣವನ್ನು ಹೇಳಬಹುದು. ನಮ್ಮ ಬಂಧುಗಳೊಬ್ಬರು ಎಲೆ, ಅಡಕೆ, ಹೊಗೆಸೊಪ್ಪುಗಳನ್ನು ನಲವತ್ತು ವರ್ಷ ಕೆನ್ನೆಯಲ್ಲಿಟ್ಟವರು. ಅಲ್ಲೊಂದು ಹುಣ್ಣು ಎದ್ದು ಮಾಯದೆ ನಿಂತಿತು. ಆಸ್ಪತ್ರೆಯ ಕಾಗದದಲ್ಲಿ ಅದು ಎರಡನೆಯ ದರ್ಜೆಯ ಕ್ಯಾನ್ಸರೆಂದೂ, ಸುತ್ತಲೂ ಉರಿಯೂತವಿದೆಯೆಂದೂ ಬರೆದಿತ್ತು. ಮನೆಯಲ್ಲಿ ಓದಿದವನು ನಾನೊಬ್ಬನೇ. ಎಲ್ಲರೂ ಅರ್ಥ ಕೇಳಿದರು. ಆ ಎರಡು ಮಾತುಗಳ ಮೂಲವನ್ನು ಹುಡುಕುತ್ತ ಹೋದಾಗ ಎದುರಾದವನು ಈ ಫಿರ್ಕೋ.

ದರ್ಜೆಯ ಕಥೆಯೂ ಅವನ ಮನೆಯಂಗಳದಿಂದಲೇ ಹೊರಟದ್ದು. ಬರ್ಲಿನ್ನಿನಲ್ಲಿ ಅವನ ಸಹಾಯಕನಾಗಿದ್ದ ಹಾನ್ಸೆಮಾನ್ 1890ರಲ್ಲಿ, ಕ್ಯಾನ್ಸರಿನ ಕೋಶಗಳು ತಮ್ಮ ಹುಟ್ಟುಗುಣವನ್ನು ಕಳೆದುಕೊಂಡು ಅಂಕೆತಪ್ಪಿ ಒಡೆಯುವುದನ್ನು ವಿವರಿಸಿದನು. 1920ರಲ್ಲಿ ಅಮೆರಿಕದ ಬ್ರೋಡರ್ಸ್ ತುಟಿಯ ಕ್ಯಾನ್ಸರನ್ನು ಇದೇ ಲಕ್ಷಣದ ಮೇಲೆ ನಾಲ್ಕು ದರ್ಜೆಗಳಾಗಿ ವಿಂಗಡಿಸಿದನು. ಬಾಯಿಯ ಕ್ಯಾನ್ಸರಿಗೆ ಇಂದು ಬಳಕೆಯಲ್ಲಿರುವುದು ಮೂರು ದರ್ಜೆ. ಕೋಶಗಳು ಬಾಯಿಯ ಸಹಜ ಪದರವನ್ನು ಹೋಲುತ್ತಿದ್ದರೆ ಮೊದಲನೆಯದು. ಗುರುತೇ ಸಿಗದಷ್ಟು ಕೆಟ್ಟಿದ್ದರೆ ಮೂರನೆಯದು. ಆದರೆ ದರ್ಜೆಯೊಂದೇ ಹಣೆಬರಹವಲ್ಲ. ಗೆಡ್ಡೆ ಎಷ್ಟು ಆಳಕ್ಕಿಳಿದಿದೆ, ಕುತ್ತಿಗೆಯ ಗಂಟುಗಳಿಗೆ ಹರಡಿದೆಯೇ ಎಂಬುದನ್ನೂ ನೋಡಬೇಕು. ಉರಿಯೂತಕ್ಕಾದರೋ ಎರಡು ಮುಖ. ಸದಾ ಕೆರಳಿದ ತಾಣದಲ್ಲಿ ಕೋಶಗಳು ಮತ್ತೆ ಮತ್ತೆ ಒಡೆಯುತ್ತವೆ, ಅವುಗಳ ವಂಶವಾಹಿಗೆ ಹಾನಿಯಾಗುತ್ತದೆ. ಅದೇ ಬಿಳಿಯ ಕಣಗಳಲ್ಲಿ ಕೆಲವು ಗೆಡ್ಡೆಯೊಡನೆ ಹೋರಾಡುವುದೂ ಉಂಟು. ಅಡಕೆಯೇ, ಹೊಗೆಸೊಪ್ಪಿನ ನೆರವಿಲ್ಲದೆಯೂ, ಕ್ಯಾನ್ಸರಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಮಲೆನಾಡಿನ ಮಿತ್ರರಿಗೆ ಇದು ಹಿತವಾದ ಮಾತಲ್ಲ. ಆದರೂ ಹೇಳದೆ ಗತಿಯಿಲ್ಲ.

ಫಿರ್ಕೋನ ಬಾಳಿನ ಕಠಿನ ಪರೀಕ್ಷೆ 1887ರಲ್ಲಿ ಬಂದಿತು. ಜರ್ಮನಿಯ ಯುವರಾಜ ಫ್ರೆಡರಿಕನ ಧ್ವನಿಪೆಟ್ಟಿಗೆಯಲ್ಲಿ ಗಂಟು ಕಾಣಿಸಿಕೊಂಡಿತ್ತು. ಇಂಗ್ಲಿಷ್ ವೈದ್ಯ ಮೆಕೆಂಜಿ ಅದರಿಂದ ತೆಗೆದ ಚೂರುಗಳನ್ನು ಫಿರ್ಕೋ ಪರೀಕ್ಷಿಸಿದನು. ಅವುಗಳಲ್ಲಿ ಕ್ಯಾನ್ಸರು ಕಾಣಲಿಲ್ಲ. ಯೋಜಿಸಿದ್ದ ದೊಡ್ಡ ಶಸ್ತ್ರಚಿಕಿತ್ಸೆ ನಿಂತಿತು. ಫ್ರೆಡರಿಕ್ 1888ರ ಮಾರ್ಚಿಯಲ್ಲಿ ಚಕ್ರವರ್ತಿಯಾಗಿ, 99 ದಿನಗಳು ಮಾತ್ರ ಆಳಿ, ಜೂನ್ 15ರಂದು ತೀರಿಕೊಂಡನು. ಶವಪರೀಕ್ಷೆಯಲ್ಲಿ ಕ್ಯಾನ್ಸರು ಸ್ಪಷ್ಟವಾಯಿತು. ಕೈಗೆ ಬಂದ ಚೂರು ತನ್ನ ಮಾತನ್ನಷ್ಟೇ ಹೇಳಬಲ್ಲುದು, ಬಾರದ ಚೂರಿನ ಮಾತನ್ನು ಹೇಳಲಾರದು. ಹುಣ್ಣು ಮಾಯದಿದ್ದರೆ ವೈದ್ಯರು ಎರಡನೆಯ ಸಲ ಚೂರು ಕೇಳುವುದು ಇದಕ್ಕಾಗಿಯೇ.

ವಿಜ್ಞಾನಿಯಾಗಿದ್ದಂತೆಯೇ ಅವನು ಪುರಸಭೆಯ ಸದಸ್ಯನೂ ಆಗಿದ್ದನು. ಬರ್ಲಿನ್ನಿಗೆ ಒಳಚರಂಡಿಯನ್ನು ತರಲು ದುಡಿದನು. ಶಾಸನಸಭೆಯಲ್ಲಿ ಬಿಸ್ಮಾರ್ಕನನ್ನು ಎದುರಿಸಿ, 1865ರಲ್ಲಿ ಅವನಿಂದ ದ್ವಂದ್ವಯುದ್ಧದ ಆಹ್ವಾನವನ್ನೂ ಪಡೆದನು, ಹೋರಾಡಲು ಒಪ್ಪಲಿಲ್ಲ. 1902ರಲ್ಲಿ ಟ್ರಾಮಿನಿಂದ ಇಳಿಯುವಾಗ ಬಿದ್ದು ತೊಡೆಯ ಮೂಳೆ ಮುರಿಯಿತು. ಅದೇ ವರ್ಷ ಸೆಪ್ಟೆಂಬರ್ 5ರಂದು ಅವನ ಕಾಲವಾಯಿತು.

ರೋಗವನ್ನು ಕೋಶದಲ್ಲಿ ಹುಡುಕಿದ ಈತ, ಅದರ ಕಾರಣವನ್ನು ಜನರ ಬದುಕಿನಲ್ಲಿಯೂ ಹುಡುಕಿದನೆಂಬುದು ಕಲಾ ವಿಭಾಗದವರಾದ ನಾವು ಮುಖ್ಯವಾಗಿ ನೆನೆಯಬೇಕಾದ ಸಂಗತಿ. ಬಾಯಲ್ಲಿ ಎರಡು ವಾರಕ್ಕೂ ಮಾಯದ ಹುಣ್ಣನ್ನಾಗಲಿ, ಬಿಳಿಯ ಅಥವಾ ಕೆಂಪು ಮಚ್ಚೆಯನ್ನಾಗಲಿ ಕಂಡರೆ, ನೋವಿಲ್ಲವೆಂದು ಸುಮ್ಮನಿರದೆ ವೈದ್ಯರಲ್ಲಿಗೆ ಹೋಗಿರೆಂದು ನಮ್ಮ ನಮ್ಮ ಮನೆಯ ಹಿರಿಯರಿಗೆ ಹೇಳುವಷ್ಟು ವಿದ್ಯೆ ನಮ್ಮೆಲ್ಲರಲ್ಲಿಯೂ ಇದೆ.