ಪ್ರೇಮ್‌ಚಂದ್ ರಾಯ್‌ಚಂದ್

ಪ್ರೇಮ್‌ಚಂದ್ ರಾಯ್‌ಚಂದ್ (1831–1906) ಹತ್ತೊಂಬತ್ತನೆಯ ಶತಮಾನದ ಮುಂಬಯಿಯ ಪ್ರಸಿದ್ಧ ಹತ್ತಿ ವ್ಯಾಪಾರಿ, ಷೇರು ದಲ್ಲಾಳಿ ಹಾಗೂ ದಾನಿ. 1860ರ ದಶಕದ ಷೇರು ಮಾರುಕಟ್ಟೆಯ ಉಬ್ಬರ ಮತ್ತು ಕುಸಿತಗಳೆರಡರಲ್ಲಿಯೂ ಇವರ ಪಾತ್ರ ಪ್ರಮುಖವಾದುದು. ಮುಂಬಯಿ ಷೇರು ವಿನಿಮಯ ಕೇಂದ್ರದ ಸ್ಥಾಪಕರಲ್ಲಿ ಇವರನ್ನು ಎಣಿಸಲಾಗುತ್ತದೆ.

ಆರಂಭಿಕ ಜೀವನ

ಇವರು ಸೂರತ್‌ನ ಜೈನ ವ್ಯಾಪಾರಿ ಕುಟುಂಬದಲ್ಲಿ ಜನಿಸಿದರು. ಕುಟುಂಬವು ಮುಂಬಯಿಗೆ ಬಂದು ನೆಲೆಸಿದ ನಂತರ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದರು. ಇಂಗ್ಲಿಷನ್ನು ಚೆನ್ನಾಗಿ ಬಲ್ಲ ಮೊದಲ ಭಾರತೀಯ ದಲ್ಲಾಳಿಗಳಲ್ಲಿ ಇವರೂ ಒಬ್ಬರಾಗಿದ್ದು, ಐರೋಪ್ಯ ಬ್ಯಾಂಕುಗಳೊಡನೆ ನೇರವಾಗಿ ವ್ಯವಹರಿಸಲು ಇದು ನೆರವಾಯಿತು.

ಹತ್ತಿಯ ಉಬ್ಬರ

1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾದಾಗ ಇಂಗ್ಲೆಂಡಿನ ಲಂಕಾಷೈರ್ ಗಿರಣಿಗಳಿಗೆ ಅಲ್ಲಿಂದ ಬರುತ್ತಿದ್ದ ಹತ್ತಿ ನಿಂತುಹೋಯಿತು. ಭಾರತದ ಹತ್ತಿಯ ಬೆಲೆ ಏರಿತು. ಆಗ ಬೆಳಗಾವಿ, ಧಾರವಾಡ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿದ್ದವು. ಧಾರವಾಡ ಸೀಮೆಯಲ್ಲಿ ಅಮೆರಿಕನ್ ತಳಿಯ ಹತ್ತಿಯನ್ನು 1840ರ ದಶಕದಿಂದಲೇ ಬೆಳೆಯಲಾಗುತ್ತಿತ್ತು. ಈ ಹತ್ತಿಯ ರಫ್ತಿಗಾಗಿ ಕಾರವಾರ ಬಂದರನ್ನು ಅಭಿವೃದ್ಧಿಪಡಿಸುವ ಉದ್ದೇಶದಿಂದ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು.

ಲಿವರ್‌ಪೂಲಿನ ದರ ಯಾರಿಗೆ ಮೊದಲು ತಿಳಿಯುತ್ತಿತ್ತೋ ಲಾಭವೂ ಅವರದಾಗುತ್ತಿತ್ತು. ಹಡಗುಗಳು ಬಂದರು ತಲುಪುವ ಮೊದಲೇ ಪ್ರೇಮ್‌ಚಂದ್ ಸಮುದ್ರಕ್ಕೆ ದೋಣಿಗಳನ್ನು ಕಳುಹಿಸಿ ದರದ ಸುದ್ದಿ ತರಿಸಿಕೊಳ್ಳುತ್ತಿದ್ದರೆಂಬ ಪ್ರತೀತಿ ಇದೆ.

ಹತ್ತಿಯಿಂದ ಬಂದ ಹಣ ಹೊಸ ಬ್ಯಾಂಕುಗಳ ಹಾಗೂ ಕಂಪನಿಗಳ ಷೇರುಗಳಿಗೆ ಹರಿಯಿತು. ಸಮುದ್ರವನ್ನು ತುಂಬಿ ನೆಲ ಪಡೆಯಲು ಹುಟ್ಟಿಕೊಂಡ ಬ್ಯಾಕ್ ಬೇ ಕಂಪನಿಯ 5,000 ರೂಪಾಯಿ ಮುಖಬೆಲೆಯ ಷೇರು ಹಲವು ಪಟ್ಟು ಬೆಲೆಗೆ ಮಾರಾಟವಾಯಿತು. ಬ್ಯಾಂಕ್ ಆಫ್ ಬಾಂಬೆಯ ಆಡಳಿತದ ಮೇಲೆ ಪ್ರೇಮ್‌ಚಂದ್‌ರಿಗೆ ಅಪಾರ ಪ್ರಭಾವವಿತ್ತು. ಅವರಿಗೂ ಅವರು ಸೂಚಿಸಿದವರಿಗೂ ಷೇರುಗಳ ಆಧಾರದ ಮೇಲೆ ದೊಡ್ಡ ಸಾಲಗಳು ದೊರೆತವು.

1865ರ ಕುಸಿತ

1865ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧ ಕೊನೆಯ ಹಂತ ತಲುಪಿತು. ಆ ಸುದ್ದಿಯೊಂದಿಗೆ ಹತ್ತಿಯ ಬೆಲೆ ಕುಸಿಯಿತು. ವಾಯಿದೆ ಒಪ್ಪಂದಗಳ ಲೆಕ್ಕ ತೀರಿಸಬೇಕಾಗಿದ್ದ ಜುಲೈ 1ರಂದು ಕೊಂಡವರಲ್ಲಿ ಅನೇಕರ ಬಳಿ ಹಣವಿರಲಿಲ್ಲ. ಸಾಲಗಾರರು ದಿವಾಳಿಯಾದರು, ಹೊಸ ಕಂಪನಿಗಳಲ್ಲಿ ಹೆಚ್ಚಿನವು ಮುಚ್ಚಿದವು. 1866ರಲ್ಲಿ ಪ್ರೇಮ್‌ಚಂದ್ ಸ್ವತಃ ದಿವಾಳಿಯಾದರು. ಬ್ಯಾಂಕ್ ಆಫ್ ಬಾಂಬೆ 1868ರಲ್ಲಿ ಸಮಾಪನಗೊಂಡಿತು. ಅದರ ಪತನದ ಬಗ್ಗೆ ನೇಮಕವಾದ ವಿಚಾರಣಾ ಆಯೋಗವು ಅವರ ಪ್ರಭಾವವನ್ನೂ ಕಾರಣಗಳಲ್ಲಿ ಒಂದಾಗಿ ಗುರುತಿಸಿತು.

ದಾನಗಳು

ಉಬ್ಬರದ ಕಾಲದಲ್ಲಿ ನೀಡಿದ ದಾನಗಳು ಕುಸಿತದ ನಂತರವೂ ಉಳಿದವು. 1864ರಲ್ಲಿ ಮುಂಬಯಿ ವಿಶ್ವವಿದ್ಯಾಲಯಕ್ಕೆ ಗ್ರಂಥಾಲಯಕ್ಕಾಗಿ 2 ಲಕ್ಷ ಹಾಗೂ ಗಡಿಯಾರ ಗೋಪುರಕ್ಕಾಗಿ 2 ಲಕ್ಷ ರೂಪಾಯಿಗಳನ್ನು ಕೊಟ್ಟರು. ಅವರ ತಾಯಿಯ ಹೆಸರು ಹೊತ್ತ ರಾಜಾಬಾಯಿ ಗೋಪುರದ ನಿರ್ಮಾಣ ಆರಂಭವಾದದ್ದು ಅವರು ದಿವಾಳಿಯಾದ ಬಳಿಕ, 1869ರಲ್ಲಿ. ಜಾರ್ಜ್ ಗಿಲ್ಬರ್ಟ್ ಸ್ಕಾಟ್ ವಿನ್ಯಾಸಗೊಳಿಸಿದ 280 ಅಡಿ ಎತ್ತರದ ಈ ಗೋಪುರ 1878ರಲ್ಲಿ ಪೂರ್ಣಗೊಂಡಿತು. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನ ಸಂಶೋಧನಾ ವಿದ್ಯಾರ್ಥಿವೇತನವಿದೆ.

ನಂತರದ ಜೀವನ ಮತ್ತು ಪರಂಪರೆ

ಪ್ರೇಮ್‌ಚಂದ್ ದಲ್ಲಾಳಿ ವೃತ್ತಿಯನ್ನು ಮುಂದುವರಿಸಿ ಕ್ರಮೇಣ ಚೇತರಿಸಿಕೊಂಡರು. ಆಲದ ಮರದ ಕೆಳಗೆ ಸೇರುತ್ತಿದ್ದ ದಲ್ಲಾಳಿಗಳು 1875ರಲ್ಲಿ ಸಂಘವೊಂದನ್ನು ಕಟ್ಟಿಕೊಂಡರು. ಅದೇ ಇಂದಿನ ಮುಂಬಯಿ ಷೇರು ವಿನಿಮಯ ಕೇಂದ್ರ. 1906ರಲ್ಲಿ ಪ್ರೇಮ್‌ಚಂದ್ ನಿಧನರಾದರು. ದಿನ್‌ಶಾ ವಾಚಾ ಬರೆದ ಅವರ ಜೀವನಚರಿತ್ರೆ 1913ರಲ್ಲಿ ಪ್ರಕಟವಾಯಿತು. ವಿನಿಮಯ ಕೇಂದ್ರದ ವಹಿವಾಟು 1995ರಲ್ಲಿ ಗಣಕೀಕೃತಗೊಂಡಿತು. ದೋಣಿ ಕಳುಹಿಸಿ ತರಿಸಬೇಕಾಗಿದ್ದ ದರಗಳು ಈಗ ಮನೆಯಲ್ಲಿ ಕುಳಿತವರಿಗೂ ಕ್ಷಣಕ್ಷಣಕ್ಕೆ ದೊರೆಯುತ್ತವೆ. ಸಾಲದ ಬಲದಿಂದ ಏರಿದ ಬೆಲೆಗಳ ಅಪಾಯಕ್ಕೆ 1865ರ ಕುಸಿತವನ್ನು ಇಂದಿಗೂ ಉದಾಹರಣೆಯಾಗಿ ಕೊಡಲಾಗುತ್ತದೆ.