ಪರ್ವಾಚರಣೆಯ ಮನೆಯಲ್ಲಿ ಬೆಳೆದ ಸಾತಗೌಡ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಪ್ರಾಂತದ ಶ್ರಾವಕರ ಮನೆಗಳಲ್ಲಿ ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರ ಭಾವಚಿತ್ರವನ್ನು ಕಾಣದ ಮೊಮ್ಮಕ್ಕಳು ವಿರಳ. ಆದರೆ ಆ ಮಹಾಮುನಿಗಳೂ ಒಮ್ಮೆ ಇದೇ ಸೀಮೆಯ ಬಾಲಕರಾಗಿದ್ದರು, ವ್ರತವೆಂದರೇನೆಂಬುದನ್ನು ಮನೆಯ ಹಿರಿಯರನ್ನು ನೋಡಿ ಅರಿತರು ಎಂಬುದನ್ನು ಮಕ್ಕಳಿಗೆ ಹೇಳುವವರು ಇನ್ನೂ ವಿರಳ.

ಅವರು ಜನಿಸಿದ್ದು 1872ರ ಆಷಾಢ ಬಹುಳ ಷಷ್ಠಿಯಂದು, ತಾಯಿಯ ತವರಾದ ಯಳಗೂಡದಲ್ಲಿ. ಬೆಳೆದುದು ದೂಧಗಂಗಾ–ವೇದಗಂಗಾ ಸಂಗಮದ ಬಳಿಯ ಭೋಜ ಗ್ರಾಮದಲ್ಲಿ. ಆಗ ಅದು ಚಿಕ್ಕೋಡಿ ತಾಲೂಕಿನಲ್ಲಿತ್ತು, ಈಗ ನಿಪ್ಪಾಣಿಗೆ ಸೇರಿದೆ. ತಂದೆ ಭೀಮಗೌಡ ಪಾಟೀಲರು, ತಾಯಿ ಸತ್ಯವತಿ. ಮಗುವಿಗೆ ಸಾತಗೌಡನೆಂದು ಹೆಸರಿಟ್ಟರು.

ಸತ್ಯವತಿ ಅಮ್ಮನವರು ಅಷ್ಟಮಿ, ಚತುರ್ದಶಿಗಳಂದು ಉಪವಾಸವಿರುತ್ತಿದ್ದರು. ತ್ಯಾಗಿಗಳಿಗೆ ಆಹಾರದಾನ ಮಾಡುತ್ತಿದ್ದರು. ಭೀಮಗೌಡರು 16 ವರ್ಷಗಳ ಕಾಲ ದಿನಕ್ಕೊಮ್ಮೆ ಮಾತ್ರ ಅನ್ನಪಾನ ಸ್ವೀಕರಿಸುವ ನಿಯಮವನ್ನು ಪಾಲಿಸಿ, ಕಡೆಗೆ ಸಲ್ಲೇಖನಪೂರ್ವಕವಾಗಿ ದೇಹತ್ಯಾಗ ಮಾಡಿದರು. ಪಕ್ಷಕ್ಕೆರಡು ಸಲ ತಾಯಿ ಊಟಕ್ಕೆ ಕೂಡದಿರುವ ಮನೆಯಲ್ಲಿ ಮಗುವಿಗೆ ಪರ್ವತಿಥಿಯನ್ನು ಬಾಯಿಪಾಠ ಮಾಡಿಸಬೇಕಾದ ಅಗತ್ಯವೇ ಬೀಳದು. ಅಂಕಲಿಯ ಆದಿಸಾಗರ ಮುನಿಗಳು ಬಂದಾಗ ಯುವಕ ಸಾತಗೌಡರು ಅವರನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸುತ್ತಿದ್ದರು.

ಕಾಲಧರ್ಮಕ್ಕನುಸಾರವಾಗಿ ಒಂಬತ್ತನೆಯ ವಯಸ್ಸಿನಲ್ಲಿ ಹಿರಿಯರು ಅವರಿಗೆ ವಿವಾಹ ಮಾಡಿದರು. ಆ ಬಾಲಿಕೆ ಕೆಲವೇ ತಿಂಗಳಲ್ಲಿ ತೀರಿಕೊಂಡಳು. ಪ್ರಾಯಕ್ಕೆ ಬಂದ ಮೇಲೆ ಮರುವಿವಾಹದ ಮಾತೆತ್ತಿದಾಗ ಅವರು ಒಪ್ಪದೆ ಬ್ರಹ್ಮಚರ್ಯವನ್ನು ಕೈಕೊಂಡರು. ಹದಿನೆಂಟರ ಸುಮಾರಿಗೆ ಮುನಿದೀಕ್ಷೆಯ ಹಂಬಲ ತೋರಿದರು. ತಾವಿರುವ ತನಕ ಮನೆಯಲ್ಲಿದ್ದೇ ಧರ್ಮಸಾಧನೆ ಮಾಡಬೇಕೆಂದು ತಂದೆ ಬಯಸಿದರು, ಮಗ ಪಾಲಿಸಿದರು. ಹೊಲ, ಬಟ್ಟೆಯ ಅಂಗಡಿ, ಸ್ವಾಧ್ಯಾಯಗಳಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಕಳೆಯಿತು. ಸ್ವತಃ ಕಠಿಣ ವ್ರತಿಯಾಗಿದ್ದ ತಂದೆಯೇ ಮಗನನ್ನು ಅವಸರಪಡಿಸಲಿಲ್ಲವೆಂಬುದು ಗಮನಾರ್ಹ. ದಶಲಕ್ಷಣ ಪರ್ವದಲ್ಲಿ ಸಭೆಯ ಮೆಚ್ಚುಗೆಗಾಗಿ ಎಳೆಯ ಮೊಮ್ಮಕ್ಕಳಿಂದ ಪೂರ್ಣ ಉಪವಾಸ ಮಾಡಿಸುವುದು ನನಗೆ ಸಮ್ಮತವಲ್ಲ. ಎಂಟು ವರ್ಷ ತುಂಬಿದ ಮೇಲೆಯೇ ವ್ರತಗ್ರಹಣದ ಯೋಗ್ಯತೆಯೆಂದು ಶಾಸ್ತ್ರವೇ ವಿಧಿಸಿದೆ. ರಾತ್ರಿಭೋಜನ ತ್ಯಾಗ, ಒಂದು ದಿನದ ಮಟ್ಟಿಗೆ ಬೆಲ್ಲವನ್ನೋ ತುಪ್ಪವನ್ನೋ ಬಿಡುವುದು, ನೀರು ಸೋಸುವಾಗ ಬಟ್ಟೆಯ ಅಂಚು ಹಿಡಿಯುವುದು, ಅಜ್ಜಿಯ ಪಾರಣೆಗೆ ತಟ್ಟೆ ಇಡುವುದು—ಎಳೆಯರಿಗೆ ಇಷ್ಟು ಸಾಕು.

ತಂದೆತಾಯಿಗಳ ಕಾಲಾನಂತರ, ನಲವತ್ತು ದಾಟಿದ ಮೇಲೆ, ಅವರು ಉತ್ತೂರಿನಲ್ಲಿ ಕ್ಷುಲ್ಲಕ ದೀಕ್ಷೆಯನ್ನೂ 1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆಯನ್ನೂ ಪಡೆದರು. 1924ರಲ್ಲಿ ಸಮಡೋಳಿಯಲ್ಲಿ ಆಚಾರ್ಯರಾದರು. ಅಣ್ಣ ದೇವಗೌಡರು ತಮ್ಮನನ್ನೇ ಗುರುವಾಗಿ ಸ್ವೀಕರಿಸಿ ವರ್ಧಮಾನಸಾಗರ ಮುನಿಗಳಾದರು. ಆ ಮನೆಯ ಸಂಸ್ಕಾರ ಒಬ್ಬರಿಗೇ ನಿಲ್ಲಲಿಲ್ಲ.

ಆಗ ನಮ್ಮ ಜೈನ ಮನೆಗಳಲ್ಲಿ ಜಿನಪೂಜೆಯೊಡನೆ ಅನ್ಯ ದೇವತೆಗಳ ಹರಕೆ, ಜಾತ್ರೆಗಳೂ ಬೆರೆತಿದ್ದವು. ಅಂಥ ಮಿಥ್ಯಾತ್ವವನ್ನು ತ್ಯಜಿಸಿದವರ ಮನೆಯಲ್ಲಿ ಮಾತ್ರ ಆಹಾರವೆಂಬ ನಿಯಮವನ್ನು ಆಚಾರ್ಯರು ಹಿಡಿದರು. ಆಹಾರದಾನದ ಪುಣ್ಯ ತಪ್ಪಬಾರದೆಂದು ಎಷ್ಟೋ ಕುಟುಂಬಗಳು ಹಳೆಯ ಹರಕೆಗಳನ್ನು ಬಿಟ್ಟವು. ನಾವು ಮೊಮ್ಮಕ್ಕಳಿಗೆ ಶುದ್ಧವಾಗಿ ಹೇಳಿಕೊಡುತ್ತಿರುವ ನಂದೀಶ್ವರ, ಅನಂತ ಚತುರ್ದಶಿ, ಮಹಾವೀರ ನಿರ್ವಾಣದ ದೀಪಾವಳಿಗಳ ಹಿಂದೆ ಆ ನಿಷ್ಠುರತೆಯೂ ಇದೆ.

ಮೂವತ್ತೈದು ವರ್ಷಗಳ ಮುನಿಜೀವನದಲ್ಲಿ ಅವರ ಉಪವಾಸಗಳು 9,938 ಎಂದು ಲೆಕ್ಕವಿಟ್ಟಿದ್ದಾರೆ. ಕೂಡಿದರೆ ಇಪ್ಪತ್ತೇಳು ವರ್ಷಗಳಾಗುತ್ತವೆ. ಕಣ್ಣು ಮಂಜಾಗಿ ನೆಲದ ಜೀವಿಗಳನ್ನು ನೋಡಿ ನಡೆಯಲಾಗದಾದಾಗ, ಇಂದಿನ ಮಹಾರಾಷ್ಟ್ರದ ಕುಂಥಲಗಿರಿ ಸಿದ್ಧಕ್ಷೇತ್ರದಲ್ಲಿ ಸಲ್ಲೇಖನ ಸ್ವೀಕರಿಸಿದರು. 36ನೆಯ ದಿನ, 1955ರ ಸೆಪ್ಟೆಂಬರ್ 18, ಭಾನುವಾರ, ಭಾದ್ರಪದ ಶುದ್ಧ ಬಿದಿಗೆಯಂದು ಸಮಾಧಿಸ್ಥರಾದರು. ಮೂರು ದಿನ ಕಳೆದು ದಶಲಕ್ಷಣದ ಪಂಚಮಿ ಬಂದಿತು. ಪ್ರತಿ ವರ್ಷ ಬಿದಿಗೆಯ ಸಂಜೆಯೇ ಮೊಮ್ಮಕ್ಕಳನ್ನು ಕೂರಿಸಿಕೊಂಡು ಭೋಜದ ಸಾತಗೌಡನ ಕಥೆಯನ್ನು ಆರಂಭಿಸಿದರೆ ಪಂಚಮಿಯ ಹೊತ್ತಿಗೆ ಮುಗಿಸಬಹುದು.